ಬರಿಯೂರಿನ ಸಂಚಿ

"ಗುರುಗಳೇ, ಕೊಡಲು ಕೈಯಲ್ಲಿ ಏನೂ ಇಲ್ಲದವನು ಯಾವ ಮುಖ ಹೊತ್ತು ಜನರ ಬಳಿಗೆ ಹೋಗಬೇಕು?"

ಹೀಗೆ ಕೇಳಿದವನು ಷಡಕ್ಷರಿ. ಮಠದಲ್ಲೇ ಓದಿ ಬೆಳೆದವನು, ದುಂಡಗೆ ಬರೆಯುವವನು. ಕೆಲಸ ಹೇಳಿದರೆ ಇಲ್ಲವೆನ್ನುವವನಲ್ಲ. ಆದರೆ ಈ ಸಲದ ಕೆಲಸಕ್ಕೆ ಮಾತ್ರ ಮೂರು ತಿಂಗಳಿಂದ ಇವತ್ತು ನಾಳೆ ಎನ್ನುತ್ತಿದ್ದ. ದೂರದ ಕಲ್ಲುಗಣಿಯ ಜನ ಮಠಕ್ಕೆ ಬಂದು, ನಮ್ಮ ಹಟ್ಟಿಯಲ್ಲಿ ಕುಡಿತ ಮಿತಿಮೀರಿದೆ, ನಿಮ್ಮವರೊಬ್ಬರು ಬಂದು ಒಂದು ವರ್ಷ ನಮ್ಮ ನಡುವೆ ಇದ್ದರೆ ಒಳ್ಳೆಯದಾಗುತ್ತದೆ ಎಂದು ಕೇಳಿಕೊಂಡಿದ್ದರು. ಗುರುಗಳು ಷಡಕ್ಷರಿಗೆ ಹೋಗು ಎಂದಿದ್ದರು. ಅವನು ಹೊರಡುವ ಬದಲು ತಯಾರಿಗೆ ಕೂತ. ಕುಡಿತದ ಕೇಡಿನ ಬಗ್ಗೆ ನಲವತ್ತು ಉಪದೇಶಗಳನ್ನು ಬರೆದ. ತಿದ್ದಿದ. ಮತ್ತೆ ಬರೆದ. ಈಗ ಅದನ್ನೆಲ್ಲ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ತಂದು ಗುರುಗಳ ಮುಂದೆ ಇಟ್ಟಿದ್ದ.

"ನನ್ನಲ್ಲಿ ಇರುವುದೆಲ್ಲ ಈ ಗಂಟಿನಲ್ಲಿದೆ. ಇದನ್ನು ಅಲ್ಲಿನ ಶಾಲೆಯ ಮೇಷ್ಟರಿಗೆ ಕಳಿಸಿಕೊಟ್ಟರೆ ವಾರಕ್ಕೊಂದರಂತೆ ಓದಿ ಹೇಳುತ್ತಾರೆ. ನಾನು ಹೋಗಿ ಬರಿಗೈಯಲ್ಲಿ ಕೂತು ಮಾಡುವುದೇನಿದೆ?"

ಗುರುಗಳು ಗಂಟನ್ನು ಎತ್ತಿ ನೋಡಿ, "ಭಾರವಾಗಿಯೇ ಇದೆ" ಎಂದು ಕೆಳಗಿಟ್ಟರು. ಆಮೇಲೆ ನಕ್ಕರು.

"ಕೂತುಕೋ. ಹೊಗೆಸೊಪ್ಪಿನ ಬೆನ್ನು ಹತ್ತಿದ ಒಬ್ಬಳ ಕತೆ ಹೇಳುತ್ತೇನೆ."

ಕಲ್ಲುಗಣಿಗೂ ಹೊಗೆಸೊಪ್ಪಿಗೂ ಎತ್ತಣ ಸಂಬಂಧವೋ ಷಡಕ್ಷರಿಗೆ ತಿಳಿಯಲಿಲ್ಲ. ಕೂತುಕೊಂಡ. ಗುರುಗಳು ಹೇಳತೊಡಗಿದರು.

ಒಬ್ಬ ಸಂಶೋಧಕಿ ಇದ್ದಳು. ಅವಳ ತಂದೆ ಬಹಳ ಒಳ್ಳೆಯ ಮನುಷ್ಯ, ಆದರೆ ದವಡೆಯಲ್ಲಿ ಹೊಗೆಸೊಪ್ಪು ಇಲ್ಲದೆ ಅರ್ಧ ಗಳಿಗೆ ಇರಲಾರ. ದಿನವೂ ಬೆಳಿಗ್ಗೆ ಸ್ನಾನ ಮಾಡಿ ದೇವರಿಗೆ ಕೈಮುಗಿದು, ಇನ್ನು ಈ ಪೀಡೆ ಬೇಡವೆಂದು ಹೊಗೆಸೊಪ್ಪಿನ ಪೊಟ್ಟಣವನ್ನು ಬೇಲಿಯಾಚೆ ಎಸೆಯುತ್ತಿದ್ದ. ಮಧ್ಯಾಹ್ನದೊಳಗೆ ಅದೇ ಬೇಲಿಯ ಬುಡದಲ್ಲಿ ಕೂತು ಮುಳ್ಳು ಸರಿಸಿ ಸರಿಸಿ ಹುಡುಕುತ್ತಿದ್ದ. ಮಗಳಿಗೆ ಆಗ ಏಳು ವರ್ಷ. ತಾನೂ ಪಕ್ಕದಲ್ಲಿ ಕೂತು ಹುಡುಕಿಕೊಡುತ್ತಿದ್ದಳು. ಒಂದು ದಿನ ಕೇಳಿದಳು, "ಅಪ್ಪಾ, ಹುಡುಕುವುದಾದರೆ ಎಸೆಯುವುದು ಯಾಕೆ?"

"ಅದು ಗೊತ್ತಿದ್ದಿದ್ದರೆ ಹೀಗೆ ಮುಳ್ಳು ಚುಚ್ಚಿಸಿಕೊಳ್ಳುತ್ತಿದ್ದೆನೇನಮ್ಮ?" ಎಂದ ತಂದೆ.

ಅವಳು ಕಾಲೇಜು ಮುಗಿಸುವ ಹೊತ್ತಿಗೆ ಆ ತಂದೆ ಬಾಯಿಯ ಹುಣ್ಣಿನಿಂದ ತೀರಿಕೊಂಡ. ಪ್ರಶ್ನೆ ಮಗಳಿಗೆ ಉಳಿಯಿತು. ಬೇಡವೆಂದು ಗೊತ್ತಿದ್ದೂ ಮನುಷ್ಯ ಯಾಕೆ ಬಿಡಲಾರ? ಓದಿದಳು, ಪದವಿ ಪಡೆದಳು, ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದಳು. ಬೀಡಿ ಸೇದುವವರು, ನಶ್ಯ ಏರಿಸುವವರು, ಹೊಗೆಸೊಪ್ಪು ಜಗಿಯುವವರು, ಯಾರನ್ನು ಕಂಡರೂ ಪಕ್ಕದಲ್ಲಿ ಕೂತು ಮಾತಾಡಿಸುತ್ತಿದ್ದಳು. ಜೊತೆಯವರೆಲ್ಲ ದೊಡ್ಡ ದೊಡ್ಡ ರೋಗಗಳ ಬೆನ್ನು ಹತ್ತಿ ಹೆಸರು ಮಾಡಿದರೆ ಇವಳು ಜನ ಉಗುಳುವ ಮೂಲೆಗಳಲ್ಲಿ ಓಡಾಡಿಕೊಂಡಿದ್ದಳು. ಅದರಲ್ಲೇ ಅವಳಿಗೆ ಸಂತೋಷವಿತ್ತು.

ಹೀಗೆ ಹದಿನೈದು ವರ್ಷ ಕೆಲಸ ಮಾಡಿ ಒಂದು ಗುಳಿಗೆ ಸಿದ್ಧಪಡಿಸಿದಳು. ಹೊಗೆಸೊಪ್ಪಿನ ಚಪಲ ಬಂದಾಗ ಅದನ್ನು ದವಡೆಯಲ್ಲಿ ಇಟ್ಟುಕೊಂಡರೆ ಚಪಲ ಅಡಗಬೇಕು. ಜೊತೆಗೆ ತಿಳಿವಳಿಕೆಯ ಚಿತ್ರಪಟಗಳು, ಪಾಠಗಳು. ನನ್ನ ತಂದೆಯ ಕಾಲಕ್ಕೆ ಇದು ಇದ್ದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಳು. ಈ ಮದ್ದು ಗೆದ್ದರೆ ನನ್ನ ಬದುಕು ಸಾರ್ಥಕ ಎಂದು ನಂಬಿದಳು.

ಆದರೆ ಕಲಿತವರ ಲೋಕದಲ್ಲಿ ನಂಬಿದರೆ ಸಾಲದು, ತೋರಿಸಬೇಕು. ಅದಕ್ಕೆ ಅವರದೊಂದು ಕ್ರಮವಿದೆ. ಒಂದೇ ಬಗೆಯ ಎರಡು ಊರುಗಳನ್ನು ಆರಿಸಬೇಕು. ಒಂದು ಊರಿಗೆ ಮದ್ದು ಕೊಡಬೇಕು, ಇನ್ನೊಂದು ಊರಿಗೆ ಏನನ್ನೂ ಕೊಡದೆ ಬರಿದೇ ನೋಡುತ್ತಿರಬೇಕು. ವರ್ಷಗಳು ಕಳೆದ ಮೇಲೆ ಎರಡನ್ನೂ ಹೋಲಿಸಬೇಕು. ಮದ್ದು ಕೊಟ್ಟ ಊರಿನಲ್ಲಿ ಹೆಚ್ಚು ಜನ ಬಿಟ್ಟಿದ್ದರೆ ಮದ್ದು ಗೆದ್ದಿತು.

ಒಂದು ಗುಡ್ಡದ ಆ ಕಡೆ ಒಂದು ಊರು, ಈ ಕಡೆ ಒಂದು ಊರು. ಎರಡರಲ್ಲೂ ಅದೇ ರಾಗಿ, ಅದೇ ನೆಲಗಡಲೆ, ಗಂಡಸು ಹೆಂಗಸು ಎನ್ನದೆ ಎಲ್ಲರ ದವಡೆಯಲ್ಲೂ ಅದೇ ಹೊಗೆಸೊಪ್ಪು. ಒಂದೊಂದು ಊರಿನಿಂದ ಅರವತ್ತು ಜನರ ಹೆಸರು ಬರೆದುಕೊಂಡಳು. ಹನ್ನೆರಡು ವರ್ಷದ ಕೆಲಸ. ಮದ್ದು ಕೊಡುವ ಊರನ್ನು ಅವಳ ಸಹಾಯಕರು ಮದ್ದಿನೂರು ಎಂದು ಕರೆದರು. ಇನ್ನೊಂದು ಬರಿಯೂರು ಆಯಿತು.

ಮದ್ದಿನೂರಿಗೆ ಜೀಪು ಹೋಗುತ್ತಿತ್ತು. ಜೀಪಿನ ತುಂಬ ಗುಳಿಗೆಯ ಡಬ್ಬಿ, ಚಿತ್ರಪಟ, ಧ್ವನಿವರ್ಧಕ. ಓದಿದ ಹುಡುಗ ಹುಡುಗಿಯರು ಹೋಗಿ ಅಚ್ಚುಕಟ್ಟಾಗಿ ಪಾಠ ಮಾಡಿ, ಗುಳಿಗೆ ಹಂಚಿ, ಇಪ್ಪತ್ತೊಂದು ಪ್ರಶ್ನೆ ಕೇಳಿ ಬರೆದುಕೊಂಡು ಬರುತ್ತಿದ್ದರು. ಅವರ ಕೆಲಸದಲ್ಲಿ ಒಂದು ಹುಳುಕು ಕಾಣದು. ವರ್ಷ ಎರಡು ವರ್ಷಕ್ಕೆ ಅವರು ಬೇರೆ ನೌಕರಿ ಹಿಡಿದು ಹೋಗುತ್ತಿದ್ದರು, ಹೊಸಬರು ಬರುತ್ತಿದ್ದರು. ಮದ್ದು ಮಾತ್ರ ಒಂದು ವಾರವೂ ತಪ್ಪಲಿಲ್ಲ.

ಬರಿಯೂರಿನಲ್ಲಿ ಮಾಡಬೇಕಾದ ಕೆಲಸ ಬಹಳ ಕಡಿಮೆ. ವರ್ಷಕ್ಕೆರಡು ಸಲ ಹೋಗಿ ಅದೇ ಇಪ್ಪತ್ತೊಂದು ಪ್ರಶ್ನೆ ಕೇಳಿ ಬಂದರಾಯಿತು. ಮೊದಲ ಸಲ ಇಬ್ಬರು ಸಹಾಯಕರು ಹೋದರು, ಮೂರನೆಯ ದಿನವೇ ಮುಖ ಸಪ್ಪಗೆ ಮಾಡಿಕೊಂಡು ಹಿಂದಿರುಗಿದರು.

"ಮೇಡಂ, ಬೇಕಾದರೆ ಇನ್ನೂ ಹತ್ತು ಮದ್ದಿನೂರಿಗೆ ಕಳಿಸಿ, ಹೋಗುತ್ತೇವೆ. ಅಲ್ಲಿಗೆ ಮಾತ್ರ ಬೇಡ. ಅವರು ಚಾಪೆ ಹಾಸುತ್ತಾರೆ, ಮಜ್ಜಿಗೆ ಕೊಡುತ್ತಾರೆ, ಊಟ ಮಾಡಿ ಅನ್ನುತ್ತಾರೆ. ನಾವು ಏನೂ ಕೊಡದೆ ಬರೀ ಕೇಳಿಕೊಂಡು ಬರಬೇಕು. ನಾಚಿಕೆಯಾಗುತ್ತದೆ."

ಯಾರೂ ಒಪ್ಪಲಿಲ್ಲ. ಸರಿ, ಏನೂ ಕೊಡದ ಊರಿಗೆ ನಾನೇ ಹೋಗುತ್ತೇನೆ ಎಂದಳು ಸಂಶೋಧಕಿ. ಜೀಪು ಮದ್ದಿನೂರಿನ ಕೆಲಸಕ್ಕೆ ಬೇಕಿತ್ತು. ಅವಳು ಬಸ್ಸು ಹತ್ತಿದಳು.

ಶ್ರಾವಣದಲ್ಲಿ ಒಂದು ವಾರ, ಸಂಕ್ರಾಂತಿ ಕಳೆದ ಮೇಲೆ ಒಂದು ವಾರ. ಮನೆ ಮನೆಗೆ ಹೋಗಿ ಕೂತು ಕೇಳುತ್ತಿದ್ದಳು. ದಿನಕ್ಕೆ ಎಷ್ಟು ಸಲ ಹಾಕಿಕೊಳ್ಳುತ್ತೀರಿ? ಎದ್ದ ಮೇಲೆ ಮೊದಲನೆಯದು ಯಾವಾಗ? ಹೀಗೆ ಇಪ್ಪತ್ತೊಂದು. ಊರಿನವರು ಅವಳಿಗೆ ಕೇಳೋ ಅಕ್ಕ ಎಂದು ಹೆಸರಿಟ್ಟರು.

ಈಗ ಷಡಕ್ಷರಿ, ಆ ಊರಿನ ಒಂದು ಪದ್ಧತಿ ಹೇಳುತ್ತೇನೆ, ಗಮನವಿಟ್ಟು ಕೇಳು. ಅಲ್ಲಿ ಮನೆಗೆ ಯಾರೇ ಬರಲಿ, ಮೊದಲು ಅವರ ಮುಂದೆ ಎಲೆಯಡಿಕೆ ಸಂಚಿ ಬಿಚ್ಚಿ ಇಡಬೇಕು. ಸಂಚಿಯಲ್ಲಿ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ಬಂದವರು ಒಂದು ಚೂರು ಬಾಯಿಗೆ ಹಾಕಿಕೊಂಡ ಮೇಲೆ ಮನೆಯವರು ಹಾಕಿಕೊಳ್ಳಬೇಕು. ಬಂದವರು ಬೇಡ ಎಂದರೆ ಸಂಚಿ ಕಟ್ಟಿಡಬಹುದು, ಆದರೆ ಬೇಡ ಎಂದವರು ಆ ಮನೆಯನ್ನೇ ಬೇಡ ಎಂದ ಹಾಗೆ. ಬಂದವರು ಹಾಕಿಕೊಳ್ಳುವ ತನಕ ಮನೆಯವರು ಸಂಚಿಗೆ ಕೈ ಹಾಕುವ ಹಾಗಿಲ್ಲ.

ಸಂಶೋಧಕಿಗೆ ಈ ಪದ್ಧತಿ ಅರ್ಧ ಗೊತ್ತಿತ್ತು. ಬೇಡ ಎನ್ನಬಾರದು ಎಂದು ಗೊತ್ತಿತ್ತು. ಹಾಕಿಕೊಳ್ಳಲು ಅವಳಿಂದಾಗದು. ಯಾಕೆ ಆಗದು ಎಂದು ಹೇಳುವಂತೆಯೂ ಇರಲಿಲ್ಲ. ಬರಿಯೂರಿನಲ್ಲಿ ಹೊಗೆಸೊಪ್ಪಿನ ವಿರುದ್ಧ ಒಂದು ಮಾತು ಬಾಯಿಂದ ಜಾರಿದರೂ ಅದು ಕೊಟ್ಟ ಹಾಗೆಯೇ ಲೆಕ್ಕ, ಹನ್ನೆರಡು ವರ್ಷದ ಕೆಲಸ ಕೆಟ್ಟುಹೋಗುತ್ತದೆ. ಆದ್ದರಿಂದ ಸಂಚಿ ಮುಂದೆ ಬಂದಾಗಲೆಲ್ಲ ನಗುತ್ತಾ, "ಆಮೇಲೆ ಹಾಕಿಕೊಳ್ಳುತ್ತೇನೆ" ಎನ್ನುತ್ತಿದ್ದಳು.

ಪಾಪ, ಆಮೇಲೆ ಎಂದರೆ ಮನೆಯವರೆಲ್ಲ ಬಾಯಿ ಕಟ್ಟಿಕೊಂಡು ಕಾಯಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಪ್ರಶ್ನೆಗಳು ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದವು. ಎದುರಿಗೆ ಕೂತ ಯಾವನದೋ ದವಡೆಯ ಹುಣ್ಣು ನೋಡಿ, ಬಿಡಪ್ಪಾ ಅದನ್ನ ಎನ್ನುವ ಮಾತು ಅವಳ ಗಂಟಲಿಗೆ ಬರುತ್ತಿತ್ತು. ತಂದೆ ನೆನಪಾಗುತ್ತಿದ್ದ. ಆಡಬೇಕೆನಿಸಿದ ಮಾತನ್ನು ಆಡುವಂತಿಲ್ಲ, ಎದ್ದು ಹೋಗಲು ಮನಸ್ಸಿಲ್ಲ. ಹಾಗಾಗಿ ಬೇರೆ ಮಾತು ತೆಗೆಯುತ್ತಿದ್ದಳು. ಎಮ್ಮೆ ಏನು ಕರು ಹಾಕಿತು, ಮಗಳ ಗಂಡನ ಮನೆಯವರು ಹೇಗೆ, ಮೊಣಕಾಲು ನೋವು ಕಡಿಮೆಯಾಯಿತೇ. ಎರಡು ಗಂಟೆ, ಮೂರು ಗಂಟೆ ಹೀಗೇ ಹೋಗುತ್ತಿತ್ತು. ಎದುರಿಗೆ ಬಿಚ್ಚಿದ ಸಂಚಿ, ಸುತ್ತ ಚಡಪಡಿಸುವ ಮನೆಮಂದಿ. ಅವಳು ಎದ್ದು ಮೂಲೆ ತಿರುಗಿದ ಮರುಗಳಿಗೆ ಆರು ಕೈಗಳು ಒಟ್ಟಿಗೆ ಸಂಚಿಯೊಳಗೆ ಹೋಗುತ್ತಿದ್ದವು.

ಮೊದಮೊದಲು ಜನ ಅವಳನ್ನು ಒಳಗೊಳಗೇ ಬೈದುಕೊಂಡರು. ಆದರೂ ಅವಳು ಬರುವುದು ಒಂದು ದಿನ ತಡವಾದರೆ ಬಸ್‌ಸ್ಟಾಂಡಿನ ಕಡೆ ಮಕ್ಕಳನ್ನು ಓಡಿಸುತ್ತಿದ್ದರು. ಹೋದ ಸಲ ಹೇಳಿದ್ದನ್ನು ಅವಳು ಮರೆಯುತ್ತಿರಲಿಲ್ಲ, ಅದು ಅವರಿಗೆ ಬಹಳ ಇಷ್ಟ. ನಮ್ಮ ಮೊಣಕಾಲನ್ನು ನಮ್ಮ ಮಕ್ಕಳೇ ವಿಚಾರಿಸುವುದಿಲ್ಲ, ಇವಳು ಆರು ತಿಂಗಳು ನೆನಪಿಟ್ಟುಕೊಂಡು ಬರುತ್ತಾಳಲ್ಲ ಎಂದು ಆಡಿಕೊಂಡರು. ಕೇಳೋ ಅಕ್ಕ ಕೆಲವು ವರ್ಷಕ್ಕೆ ಕೇಳೋ ಅಮ್ಮ ಆದಳು. ತಲೆ ಬಿಳಿಯಾದ ಮೇಲೆ ಚಿಕ್ಕ ಮಕ್ಕಳಿಗೆ ಕೇಳೋ ಅಜ್ಜಿಯಾದಳು.

ಹನ್ನೆರಡು ವರ್ಷ ಮುಗಿಯಿತು. ಆ ವರ್ಷವೇ ಅವಳ ನಿವೃತ್ತಿ. ಮುಂದಿನ ತಿಂಗಳು ವಿದ್ವಾಂಸರ ಸಭೆ, ಅಲ್ಲಿ ಫಲಿತಾಂಶ ಹೇಳಬೇಕು. ಕೆಲಸ ಮುಗಿಯುವ ತನಕ ಲೆಕ್ಕ ಕೂಡಬಾರದೆಂಬುದು ಅವರ ಕ್ರಮ, ಹಾಗಾಗಿ ಒಬ್ಬೊಬ್ಬರ ಉತ್ತರ ಬರೆದು ಕಟ್ಟಿಟ್ಟಿದ್ದಳೇ ಹೊರತು ಒಟ್ಟು ಮಾಡಿ ನೋಡಿರಲಿಲ್ಲ. ಈಗ ಎರಡೂ ಊರಿನ ಕಾಗದಗಳನ್ನು ಮುಂದೆ ಹರಡಿಕೊಂಡು ಕೂತಳು.

ಮದ್ದಿನೂರಿನಲ್ಲಿ ಅರವತ್ತರಲ್ಲಿ ಎಂಟು ಜನ ಹೊಗೆಸೊಪ್ಪು ಬಿಟ್ಟಿದ್ದರು. ಉಳಿದವರು ಗುಳಿಗೆಯನ್ನು ಬಿಟ್ಟಿರಲಿಲ್ಲ, ಹೊಗೆಸೊಪ್ಪನ್ನೂ ಬಿಟ್ಟಿರಲಿಲ್ಲ. ಒಂದು ದವಡೆಗೆ ಅದು, ಇನ್ನೊಂದು ದವಡೆಗೆ ಇದು. ಕೊಟ್ಟದ್ದನ್ನು ಬೇಡವೆನ್ನುವ ಜನ ಅವರಲ್ಲ.

ಬರಿಯೂರಿನಲ್ಲಿ ಮೂವತ್ತೇಳು ಜನ ಬಿಟ್ಟಿದ್ದರು.

ಸಂಶೋಧಕಿ ಬೆಪ್ಪಾದಳು. ಕಾಗದ ಅದಲು ಬದಲಾಗಿರಬೇಕೆಂದು ಮತ್ತೆ ಎಣಿಸಿದಳು. ಮೂವತ್ತೇಳೇ. ಹಾಗಾದರೆ ನನ್ನನ್ನು ಮೆಚ್ಚಿಸಲು ಸುಳ್ಳು ಹೇಳಿದ್ದಾರೆ ಎಂದುಕೊಂಡಳು. ಸುಳ್ಳನ್ನು ಹಿಡಿಯಲು ಒಂದು ಪರೀಕ್ಷೆಯಿದೆ. ಹೊಗೆಸೊಪ್ಪು ಹಾಕಿದವರ ಎಂಜಲಿನಲ್ಲಿ ಕೆಲವು ದಿನ ಅದರ ಗುರುತು ಉಳಿದಿರುತ್ತದೆ. ಯಾರಿಗೂ ಮುಂಚೆ ತಿಳಿಸದೆ ಸೀಸೆಗಳನ್ನು ತುಂಬಿಕೊಂಡು ಹೋಗಿ, ಇದರಲ್ಲಿ ಸ್ವಲ್ಪ ಉಗುಳಿ ಎಂದಳು. ಹಿಂದೆ ಆ ಊರಿನ ಗೋಡೆ, ಕಟ್ಟೆ, ಕಂಬ ಯಾವುದೂ ಉಗುಳಿನ ಕಲೆಯಿಲ್ಲದೆ ಇರಲಿಲ್ಲ. ಈಗ ಅದೇ ಜನ ಸೀಸೆ ಹಿಡಿದುಕೊಂಡು, ಏನು ಮಾಡಿದರೂ ಉಗುಳು ಬರುತ್ತಿಲ್ಲವಲ್ಲಮ್ಮ ಎಂದು ಒದ್ದಾಡಿದರು. ಅವರ ಒದ್ದಾಟ ನೋಡಿ ಅವರೇ ನಕ್ಕರು. ಅವಳಿಗೆ ನಗು ಬರಲಿಲ್ಲ. ಪರೀಕ್ಷೆ ಮಾಡಿಸಿದರೆ ಮೂವತ್ತೇಳು ಎಂಜಲೂ ಶುದ್ಧ.

ಈಗ ಅವಳಿಗೆ ದಿಗಿಲಾಯಿತು. ಇದನ್ನು ಸಭೆಯಲ್ಲಿ ಹೇಳಿದರೆ ಅವಳ ಮದ್ದು ಅಲ್ಲಿಗೇ ಮುಗಿಯಿತು. ಹದಿನೈದು ಮತ್ತು ಹನ್ನೆರಡು, ಇಪ್ಪತ್ತೇಳು ವರ್ಷದ ಕೆಲಸ. ಜೊತೆಯ ಪ್ರಾಧ್ಯಾಪಕರೊಬ್ಬರು ಅವಳ ಒಳ್ಳೆಯದಕ್ಕೇ ಒಂದು ದಾರಿ ಹೇಳಿದರು. ಬರಿಯೂರಿನಲ್ಲಿ ಎಲ್ಲೋ ಏನೋ ತಪ್ಪಾಗಿದೆ, ಅದನ್ನು ಬಿಟ್ಟುಬಿಡಿ, ಮದ್ದಿನೂರಿನ ಎಂಟು ಜನರ ವಿಷಯ ಮಾತ್ರ ಹೇಳಿ, ಎಂಟು ಜನ ಎಂದರೆ ಕಡಿಮೆಯೇನಲ್ಲ. ಗೌರವದಿಂದ ನಿವೃತ್ತರಾಗಿ.

ಅವಳು ಒಪ್ಪಲೂ ಇಲ್ಲ, ಒಲ್ಲೆ ಎನ್ನಲೂ ಇಲ್ಲ. ತಪ್ಪು ಎಲ್ಲಾಗಿದೆ ಎಂದಾದರೂ ನೋಡಿಬರುತ್ತೇನೆ ಎಂದು ಬಸ್ಸು ಹತ್ತಿದಳು.

ಬರಿಯೂರಿನಲ್ಲಿ ಒಬ್ಬ ಮುದುಕಿ ಇದ್ದಳು, ಪಾಲಮ್ಮ ಎಂದು. ಅರವತ್ತು ಜನರಲ್ಲಿ ಮೊಟ್ಟಮೊದಲು ಬಿಟ್ಟವಳು ಅವಳು. ಒಂದು ಕಾಲಕ್ಕೆ ದಿನಕ್ಕೆ ಇಪ್ಪತ್ತೆರಡು ಸಲ ಹಾಕುತ್ತಿದ್ದವಳು. ಸಂಶೋಧಕಿ ಅವಳ ಜಗಲಿಯ ಮೇಲೆ ಕೂತಳು, ಆದರೆ ಪ್ರಶ್ನೆಯ ಕಾಗದ ಹೊರತೆಗೆಯಲಿಲ್ಲ. ಯಾಕೆ ಬಿಡಲಾರರು ಎಂದು ಆಯುಷ್ಯವೆಲ್ಲ ಕೇಳಿದವಳು ಅಂದು ಮೊದಲ ಸಲ ಬೇರೆ ಪ್ರಶ್ನೆ ಕೇಳಿದಳು.

"ಪಾಲಮ್ಮ, ನೀವು ಯಾಕೆ ಬಿಟ್ಟಿರಿ?"

"ಅಯ್ಯ, ಅದೇನು ದೊಡ್ಡ ಮಾತು ಅಂತ ಕೇಳ್ತೀಯವ್ವ" ಎಂದಳು ಪಾಲಮ್ಮ. "ಬಂದಾಗೆಲ್ಲ ದಿನಕ್ಕೆ ಎಷ್ಟು ಕಿತ ಹಾಕ್ತೀಯ ಅಂತ ಕೇಳ್ತಿದ್ದೆ. ಇಪ್ಪತ್ತೆರಡು ಅಂತ ನಿಜ ಹೇಳಾಕೆ ನಾಚ್ಕೆ. ಅಷ್ಟು ದೂರದಿಂದ ಬಂದು ಕೇಳೋಳಿಗೆ ಸುಳ್ಳು ಹೇಳಾಕೆ ಮನಸು ಬರಲ್ಲ. ಇನ್ನೇನ್ ಮಾಡಾದು? ಕಮ್ಮಿ ಮಾಡ್ದೆ. ನೀನು ಬರೋ ವಾರ ಹತ್ತಿರ ಬಂತು ಅಂದ್ರೆ ಊರೋರೆಲ್ಲ ಬಾವಿತಾವ ಸೇರ್ಕಂಡು ಇದೇ ಮಾತು. ನೀನೆಷ್ಟು ಹೇಳ್ತೀಯ, ನಾನೆಷ್ಟು ಹೇಳ್ಲಿ."

"ಬಿಡಿ ಅಂತ ನಾನು ಒಂದು ಸಲವೂ ಹೇಳಲಿಲ್ಲವಲ್ಲ."

"ಹೇಳಿದ್ರೆ ಬಿಡ್ತಿದ್ವಾ?" ಎಂದು ಪಾಲಮ್ಮ ಬೊಚ್ಚುಬಾಯಿ ತೆರೆದು ನಕ್ಕಳು. "ಇನ್ನೊಂದು ಹೇಳ್ತೀನಿ ಕೇಳು. ಸಂಚಿ ಬಿಚ್ಚಿಟ್ರೆ ನೀನು ಆಮೇಲೆ ಅಂದ್ಬುಟ್ಟು ಕಥೆ ಹೇಳ್ಕಂಡು ಕೂತ್ಕಂತಿದ್ದೆ. ಬಂದೋರು ಹಾಕ್ಕಳ್ದೆ ಮನೇರು ಹೆಂಗೆ ಹಾಕ್ಕಳಾದು? ಮೊದಮೊದ್ಲು ಪ್ರಾಣ ಹೋದಂಗಾಗದು. ಇವಳು ಯಾವಾಗ ಎದ್ದೋಯ್ತಾಳಪ್ಪ ಅನ್ನಿಸದು. ಬರ್ತಾ ಬರ್ತಾ ನೀನು ಎದ್ದು ಹೋದ್ಮೇಲೂ ಸಂಚಿ ನೆಪ್ಪಾಗ್ತಿರ್ಲಿಲ್ಲ. ಒಂದಿನ ಸಂಜೆಗಂಟ ಇರಕಾಯ್ತದೆ ಅಂದ್ರೆ ಎಲ್ಡು ದಿನ ಯಾಕಾಗಲ್ಲ ಅಂದ್ಕಂಡೆ."

ಸಂಶೋಧಕಿ ನಾಲಿಗೆ ಕಚ್ಚಿಕೊಂಡಳು. ಹನ್ನೆರಡು ವರ್ಷ ತಾನು ಆಮೇಲೆ ಎಂದದ್ದು, ಸುತ್ತ ಕೂತವರು ಚಡಪಡಿಸಿದ್ದು, ತಾನು ಅದನ್ನು ಕಾಣದೆ ಎಮ್ಮೆ ಏನು ಕರು ಹಾಕಿತೆಂದು ಕೇಳಿದ್ದು, ಎಲ್ಲ ಕಣ್ಣ ಮುಂದೆ ಬಂತು.

"ಅಷ್ಟು ವರ್ಷ ನನಗೆ ಒಬ್ಬರಾದರೂ ಹೇಳಬಾರದೇ ಪಾಲಮ್ಮ?"

"ಬಂದೋರಿಗೆ ಯಾರಾದ್ರೂ ಅಂಗಂತಾರಾ?" ಎಂದಳು ಪಾಲಮ್ಮ.

ಅಷ್ಟು ಹೊತ್ತಿಗೆ ಜಗಲಿಯ ಸುತ್ತ ಊರು ನೆರೆದಿತ್ತು. ಪಾಲಮ್ಮ ಒಳಗೆ ಹೋಗಿ ಹಳೆಯ ಸಂಚಿಯನ್ನು ತಂದು ಅವಳ ಮುಂದೆ ಬಿಚ್ಚಿದಳು. ಒಳಗೆ ಹೊಗೆಸೊಪ್ಪೂ ಇಲ್ಲ, ಅಡಿಕೆಯೂ ಇಲ್ಲ. ಹುರಿಗಡಲೆ, ಕೊಬ್ಬರಿ ಚೂರು, ಬೆಲ್ಲ.

"ತಗೋ. ಆಮೇಲೆ ಹಾಕ್ಕಂತೀನಿ ಅಂದಿದ್ದೆಯಲ್ಲ. ನಾವಂತೂ ಹನ್ನೆರಡು ವರ್ಷ ಕಾದಿದ್ದಾಯ್ತು."

ಸಂಶೋಧಕಿ ಒಂದು ಚೂರು ಬೆಲ್ಲ, ನಾಲ್ಕು ಕಾಳು ಕಡಲೆ ತೆಗೆದು ಬಾಯಿಗೆ ಹಾಕಿಕೊಂಡಳು. ಕೂಡಲೇ ಸುತ್ತಲಿನ ಕೈಗಳೆಲ್ಲ ಸಂಚಿಗೆ ನುಗ್ಗಿದವು. ಊರೆಲ್ಲ ಕಟಕಟ ಕಡಲೆ ಅಗಿಯತೊಡಗಿತು. ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬೇಲಿಯ ಬುಡದಲ್ಲಿ ಕೂತು ಹುಡುಕುವ ತಂದೆ ನೆನಪಾದ. ಅವನೂ ಇಲ್ಲೇ ಎಲ್ಲೋ ಕೂತು ಕಡಲೆ ತಿನ್ನುತ್ತಿದ್ದಾನೆ ಅನ್ನಿಸಿತು. ಇಷ್ಟು ಸಂತೋಷ ಅವಳು ಪದವಿ ಪಡೆದ ದಿನವೂ ಪಟ್ಟಿರಲಿಲ್ಲ. ತನ್ನ ಮದ್ದು ಸೋತಿತೆಂಬುದು ಆ ಗಳಿಗೆಯಲ್ಲಿ ಅವಳಿಗೆ ಮರೆತೇಹೋಗಿತ್ತು.

ಹೊರಡುವಾಗ ಕೇಳಿದಳು, "ಇನ್ನೂ ಇಪ್ಪತ್ತಮೂರು ಜನ ಬಿಟ್ಟಿಲ್ಲವಲ್ಲ ಪಾಲಮ್ಮ, ಅವರಿಗೇನು ಮಾಡೋಣ?"

"ಅವರಾ? ಇನ್ನೊಂದ್ನಾಕು ಕಿತ ಬಂದು ಹೋಗು, ಬಿಡ್ತಾರೆ."

ಅವಳು ಸಭೆಗೆ ಹೋದಳು. ಏನನ್ನೂ ಮುಚ್ಚಿಡಲಿಲ್ಲ. ಮದ್ದಿನೂರಿನಲ್ಲಿ ಎಂಟು, ಬರಿಯೂರಿನಲ್ಲಿ ಮೂವತ್ತೇಳು, ನನ್ನ ಮದ್ದು ಸೋತಿದೆ ಎಂದು ನಗುನಗುತ್ತಲೇ ಹೇಳಿದಳು. ಸೋತವರು ಇಷ್ಟು ಗೆಲುವಾಗಿರುವುದನ್ನು ಆ ಸಭೆ ಕಂಡಿರಲಿಲ್ಲ. ಹಿರಿಯ ವಿದ್ವಾಂಸರೊಬ್ಬರು ಕನ್ನಡಕ ಸರಿಪಡಿಸಿಕೊಂಡು, ಎರಡನೆಯ ಊರಿಗೆ ನೀವು ಕೊಟ್ಟದ್ದೇನು ಎಂದು ಕೇಳಿದರು. ಏನೂ ಕೊಟ್ಟಿಲ್ಲ ಎಂದಳು. ಅವರು ಅದನ್ನು ಬರೆದುಕೊಂಡರು. ಆಮೇಲೆ ಬಹಳ ಚರ್ಚೆಯಾಯಿತು. ಬರಿಯೂರಿನ ನೀರಿನಲ್ಲಿ ಏನೋ ಇರಬೇಕು ಎಂದರು ಕೆಲವರು, ಮಣ್ಣಿನಲ್ಲಿ ಇರಬೇಕು ಎಂದರು ಕೆಲವರು. ಮೂವರ ಸಮಿತಿಯೊಂದು ಜೀಪಿನಲ್ಲಿ ಹೋಗಿ ಬಾವಿಯ ನೀರನ್ನು ಸೀಸೆಯಲ್ಲಿ ತುಂಬಿಕೊಂಡು ಬಂತು. ಯಾರ ಮನೆಯಲ್ಲೂ ಕೂರಲು ಅವರಿಗೆ ಪುರುಸೊತ್ತಾಗಲಿಲ್ಲ. ನೀರು ಎಲ್ಲ ಊರಿನ ನೀರಿನಂತೆಯೇ ಇತ್ತು.

ಅವಳು ನಿವೃತ್ತಳಾದಳು. ಕೇಳುವ ಪ್ರಶ್ನೆಗಳು ಮುಗಿದಿದ್ದವು, ಆದರೂ ಶ್ರಾವಣಕ್ಕೊಮ್ಮೆ ಸಂಕ್ರಾಂತಿಗೊಮ್ಮೆ ಬಸ್ಸು ಹತ್ತುವುದನ್ನು ಬಿಡಲಿಲ್ಲ. ಬಿಡಲಾಗದವರ ಬಗ್ಗೆ ಇಷ್ಟು ವರ್ಷ ಬರೆದವಳಿಗೆ ಅದೊಂದನ್ನು ಬಿಡಲಾಗಲಿಲ್ಲ ನೋಡು. ಒಂದು ವರ್ಷದಿಂದೀಚೆಗೆ ಗುಡ್ಡ ಸುತ್ತಿಕೊಂಡು ಮದ್ದಿನೂರಿಗೂ ಹೋಗುತ್ತಿದ್ದಾಳಂತೆ. ಅಲ್ಲಿನವರು ಇನ್ನೂ ಹೆಸರಿಟ್ಟಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಷಡಕ್ಷರಿ ನಗುತ್ತಿದ್ದ. ನಗು ಇಳಿದ ಮೇಲೆ ಯೋಚಿಸಿದ. ಒಂದು ಸಂಶಯ ಅವನನ್ನು ಬಿಡಲಿಲ್ಲ.

"ಗುರುಗಳೇ, ಆ ಪ್ರಶ್ನೆಗಳಿಂದಲೇ ಕೆಲಸವಾಯಿತು ಎನ್ನೋಣವೆಂದರೆ ಅದೇ ಇಪ್ಪತ್ತೊಂದು ಪ್ರಶ್ನೆಗಳನ್ನು ಮದ್ದಿನೂರಿನಲ್ಲೂ ಕೇಳಿದರು. ಅಲ್ಲಿ ಪ್ರಶ್ನೆಯೂ ಇತ್ತು, ಪಾಠವೂ ಇತ್ತು, ಮೇಲೆ ಮದ್ದೂ ಇತ್ತು. ಬರಿಯೂರಿಗೆ ಸಿಕ್ಕಿ ಮದ್ದಿನೂರಿಗೆ ಸಿಗದೆ ಹೋದದ್ದು ಯಾವುದು?"

ಗುರುಗಳು ಕೆಂಪು ಗಂಟನ್ನು ತಮ್ಮ ಪಕ್ಕಕ್ಕೆ ಎಳೆದಿಟ್ಟುಕೊಂಡು ಹೇಳಿದರು:

"ಮದ್ದಿನೂರಿಗೆ ಮದ್ದು ಹೋಗುತ್ತಿತ್ತು, ಬರಿಯೂರಿಗೆ ಅವಳು ಹೋಗುತ್ತಿದ್ದಳು."

ಷಡಕ್ಷರಿ ಗಂಟನ್ನು ಅಲ್ಲೇ ಬಿಟ್ಟು ಕಲ್ಲುಗಣಿಯ ಬಸ್ಸು ಹಿಡಿಯಲು ಎದ್ದ.